ನೀವು ಮುಟ್ಟಿಲ್ಲ ಎಂದ ಡ್ರಮ್ಮು

ಕೂಡ್ಲೂರು, ಕುಶಾಲನಗರ
ಭಾನುವಾರ

ಅತ್ತೆಯವರಿಗೆ ಸೌಜನ್ಯಳ ಶರಣು.

ಈ ಕಡೆ ನಾವೆಲ್ಲ ಕ್ಷೇಮ ಎಂದು ಬರೆಯಬೇಕಾದ ಜಾಗ ಇದು. ಬರೆಯುವುದಿಲ್ಲ. ನೀವು ಚೀಲ ಹಿಡಿದು ಶನಿವಾರಸಂತೆಗೆ, ನಿಮ್ಮ ತಮ್ಮ ಪರಮೇಶಪ್ಪನವರ ಮನೆಗೆ ಹೋದ ಮೇಲೆ ಇಲ್ಲಿ ಕ್ಷೇಮ ಎಂದು ಕರೆಯುವಂಥದ್ದು ಏನೂ ಉಳಿದಿಲ್ಲ. ನಿಮ್ಮ ಮಗ ನವೀನ್‌ಕುಮಾರ್ ಎಂಬ ಮಹಾಶಯರು ಏಳುತ್ತಾರೆ, ಉಣ್ಣುತ್ತಾರೆ, ಷೆಡ್ಡಿಗೆ ಹೋಗುತ್ತಾರೆ. ನಾನು ಬಡಿಸುತ್ತೇನೆ. ಉಪ್ಪು ಹೆಚ್ಚಾದರೂ ಅವರು ಹೇಳುವುದಿಲ್ಲ, ನಾನೂ ಕೇಳುವುದಿಲ್ಲ.

ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀರಿ. ನಿಮ್ಮ ಫೋನು ಅಡುಗೆಮನೆಯ ಕಿಟಕಿಯಲ್ಲೇ ಇದೆ, ನೀವೇ ಬಿಟ್ಟುಹೋದದ್ದು. ನಿಮ್ಮ ತಮ್ಮನವರ ಫೋನಿಗೆ ಮಾಡಿದರೆ ಅವರು ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಾರೆ, ಸಂಜೆಯೊಳಗೆ ಸಂತೆಮಾಳಕ್ಕೆಲ್ಲ ಸುದ್ದಿ. ನಾನೇ ಬಂದರೆ ನೀವು ಮೊದಲು ಕಾಫಿ ಕೊಡುತ್ತೀರಿ, ಆಮೇಲೆ ರೊಟ್ಟಿ ತಟ್ಟುತ್ತೀರಿ, ಮಾತನ್ನು ಮಳೆ ಬೆಳೆಯ ಕಡೆ ತಿರುಗಿಸುತ್ತೀರಿ, ನಾನು ಹೊಟ್ಟೆ ತುಂಬಿಸಿಕೊಂಡು ವಾಪಸ್ಸು ಬರುತ್ತೇನೆ. ಅದಕ್ಕೇ ಕಾಗದ. ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಕಾಗದವಾದರೆ ನೀವು ಕನ್ನಡಕ ಹಾಕಿಕೊಂಡು ಕೊನೆಯ ಅಕ್ಷರದವರೆಗೂ ಓದುತ್ತೀರಿ, ನಡುವೆ ಬಾಯಿ ಹಾಕುವುದಕ್ಕೂ ಆಗುವುದಿಲ್ಲ.

ಮೊನ್ನೆ ಗುರುವಾರ ಸಂಪಾಜೆಯಲ್ಲಿ ಒಬ್ಬ ಹೆಂಗಸಿನ ಜೀವ ನಿಮ್ಮ ಒಂದು ಮಾತಿನ ಮೇಲೆ ನಿಂತಿತ್ತು. ಅವಳ ಜೊತೆ ನನ್ನದೂ. ಇದನ್ನು ನಿಮಗೆ ಯಾರೂ ಹೇಳಿರಲಾರರು. ಹೇಳಬೇಕಾದವರಿಗೆ ಬಾಯಿಲ್ಲ.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ನಮ್ಮ ಕೆಲಸ ಏನೆಂದು ನಿಮ್ಮನ್ನು ಕೂರಿಸಿಕೊಂಡು ಯಾರೂ ಹೇಳಲಿಲ್ಲ. ಷೆಡ್ಡಿನ ಬಾಗಿಲಲ್ಲಿ ನಿಮ್ಮ ಮಗ "ಒಳಗ್ ಬರ್ಬೇಡವ್ವ, ಧೂಳು" ಎಂದರೇ ಹೊರತು ಯಾಕೆ ಎಂದು ಹೇಳಲಿಲ್ಲ. ಸವೆದ ಕಬ್ಬಿಣಕ್ಕೆ ಮೈ ತುಂಬುವುದು ನಮ್ಮ ಕೆಲಸ. ಉಕ್ಕಿನ ತಂತಿಯನ್ನು ಕರಗಿಸಿ ಗಾಳಿಯ ರಭಸಕ್ಕೆ ಕೊಟ್ಟು ಸವೆದ ಜಾಗಕ್ಕೆ ಎರಚುತ್ತೇವೆ. ಕರಗಿದ ಹನಿ ಹೋಗಿ ಬಡಿದು ಚಪ್ಪಟೆಯಾಗುತ್ತದೆ, ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ನೀವು ಚಿಕ್ಕವರಿದ್ದಾಗ ಗೋಡೆಗೆ ಬೆರಣಿ ತಟ್ಟುತ್ತಿದ್ದಿರಲ್ಲ, ಹಾಗೆ. ಒರಟು ಗೋಡೆಯನ್ನು ಬೆರಣಿ ಕಚ್ಚಿಕೊಳ್ಳುತ್ತದೆ, ನುಣುಪು ಗೋಡೆಯಿಂದ ಉದುರುತ್ತದೆ. ಅದಕ್ಕೇ ಮೊದಲು ಚೂಪು ಹರಳನ್ನು ಗಾಳಿಯಲ್ಲಿ ಹೊಡೆದು ಕಬ್ಬಿಣದ ಮೈಯನ್ನು ಒರಟು ಮಾಡುವುದು. ಒರಟು ಮಾಡಿದ ಮೇಲೆ ಎರಚಿ ಮುಗಿಯುವವರೆಗೆ ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಜಿಡ್ಡಷ್ಟೇ ಸಾಕು, ಪದರ ಕಚ್ಚುವುದಿಲ್ಲ. ಕಚ್ಚಲಿಲ್ಲ ಎಂಬುದು ತಕ್ಷಣ ಗೊತ್ತಾಗುವುದೂ ಇಲ್ಲ. ಮೇಲುಗಡೆ ಚೆನ್ನಾಗಿ ಹೊಳೆಯುತ್ತದೆ, ತಿಂಗಳುಗಟ್ಟಲೆ ತಿರುಗುತ್ತದೆ, ಆಮೇಲೊಂದು ದಿನ ಸಿಪ್ಪೆ ಸುಲಿದ ಹಾಗೆ ಎದ್ದುಬರುತ್ತದೆ.

ಇಂಥ ಪದರಗಳು ಎಷ್ಟು ಜಾರುತ್ತವೆ, ಎಷ್ಟು ಸವೆಯುತ್ತವೆ ಎಂಬುದರ ಮೇಲೇ ನಾನು ಓದಿದ್ದು. ತಿರುಗುವ ಬಿಲ್ಲೆಯ ಮೇಲೆ ಒಂದು ಕಡ್ಡಿಯನ್ನು ಒತ್ತಿ ಹಿಡಿದು ಗಂಟೆಗಟ್ಟಲೆ ಉಜ್ಜಿಸಿ, ಆಮೇಲೆ ತೂಕ ಹಾಕಿ ಎಷ್ಟು ಕಳೆಯಿತು ಎಂದು ನೋಡುವ ಓದು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ನೀವು ಪಕ್ಕದ ಮನೆಯ ಶಕುಂತಲಮ್ಮನವರಿಗೆ, "ನಮ್ ಸೊಸೆ ಎಂಟೆಕ್ ಮಾಡಿರೋದು ಉಜ್ಜೋದ್ರಲ್ಲಿ ಕಣ್ರೀ. ಆದ್ರೂ ಪಾತ್ರೆ ಮಾತ್ರ ನಾನೇ ಉಜ್ತೀನಿ" ಎಂದಿರಿ. ನಾನು ಒಳಗೆ ಕೇಳಿಸಿಕೊಂಡು ನಕ್ಕಿದ್ದೆ. ಈಗ ಪಾತ್ರೆಯೂ ನಾನೇ ಉಜ್ಜುತ್ತಿದ್ದೇನೆ ಅತ್ತೆ.

ಕಾಫಿ ಕ್ಯೂರಿಂಗ್‌ನವರ ಸಿಪ್ಪೆ ಸುಲಿಯುವ ಹಲ್ಲರ್ ಮಿಷನ್ನಿನ ಶಾಫ್ಟಿನ ವಿಷಯ ನಿಮಗೆ ಗೊತ್ತಿದೆ, ಆದರೂ ಬರೆಯಬೇಕು. ಜಯಪ್ಪ ಮಾವ ಇದ್ದಾಗ ಶನಿವಾರಸಂತೆಯ ಅಕ್ಕಿ ಗಿರಣಿಗೆ ದಿನಾ ಬೆಳಿಗ್ಗೆ ಪೂಜೆ ಮುಗಿಸಿ ನೀವು ಹೋಗಿ, ಕೈಯಲ್ಲಿ ಉಳಿದ ವಿಭೂತಿಯಲ್ಲಿ ಮಿಷನ್ನಿಗೆ ಮೂರು ಬೆರಳು ಎಳೆಯುತ್ತಿದ್ದಿರಂತೆ. ಆ ಗಿರಣಿ ಒಂದು ದಿನವೂ ಕೈಕೊಡಲಿಲ್ಲವಂತೆ. ಈ ಷೆಡ್ಡಿಗೂ ಹೊಸ ಗಿರಾಕಿ, ಮೊದಲ ದೊಡ್ಡ ಕೆಲಸ. ನೀವು ಕಾಫಿ ತಂದವರು ಸ್ಟ್ಯಾಂಡಿನ ಮೇಲೆ ಕೂರಿಸಿದ್ದ ಶಾಫ್ಟ್ ನೋಡಿದಿರಿ. ಹರಳು ಹೊಡೆದು ಮುಗಿದಿತ್ತು, ಎರಚುವುದು ಬಾಕಿ ಇತ್ತು. ವಿಭೂತಿಯ ಒದ್ದೆ ಬೆರಳಿನಲ್ಲಿ ಮೂರು ಗೆರೆ ಎಳೆದು, ಕಣ್ಣಿಗೊತ್ತಿಕೊಂಡು, ಬಂದಿರಿ. ನಿಮ್ಮ ಮಗ ಹೆಲ್ಮೆಟ್ಟಿನ ಕಪ್ಪು ಗಾಜಿನೊಳಗಿಂದ ಅದನ್ನು ಕಾಣಲಿಲ್ಲ. ಅದರ ಮೇಲೇ ಎರಚಿದರು.

ಮಳೆ ಹಿಡಿದ ಮೇಲೆ ಶಾಫ್ಟಿನ ಪದರ ಬಿಟ್ಟುಕೊಂಡಿತು. ಯಾರಿಗೂ ಏನೂ ಆಗಲಿಲ್ಲ, ಹಲ್ಲರ್ ನಿಂತಿತು, ಅಷ್ಟೆ. ನಿಮ್ಮ ಮಗ ಎದ್ದುಬಂದ ಚಕ್ಕೆಯನ್ನು ಅಂಗೈಯಲ್ಲಿ ಮಗುಚಿ ಹಿಡಿದು ಅಂಗಳದಲ್ಲಿ ನಿಂತಿದ್ದರು. ಅದರ ಬೆನ್ನಿನಲ್ಲಿ ಬೂದಿ ಬಣ್ಣದ ಮೂರು ಗೆರೆ. ನೀವು ಬಗ್ಗಿ ನೋಡಿದಿರಿ. ಅವರು ಇನ್ನೂ ಏನನ್ನೂ ಕೇಳಿರಲಿಲ್ಲ. "ಇದು ನಾನೇ ಕಣಪ್ಪ. ಅವತ್ತು ಬೆಳಿಗ್ಗೆ ಈಬತ್ತಿ ಹಚ್ಚಿದ್ದೆ" ಎಂದಿರಿ. ಯಾರೂ ಒತ್ತಾಯ ಮಾಡದೆ, ಬಾಯಿ ಬಿಡಿಸದೆ, ನೀವಾಗೇ.

ನಿಮ್ಮ ಮಗನಿಗೆ ಆಗ ಇನ್ನೊಂದು ಕೆಲಸ ನೆನಪಾಯಿತು. ಅವರ ಮುಖ ಬಿಳುಚಿತು. ಶಾಫ್ಟಿಗೆ ಎರಚಿದ ವಾರವೇ ಸಂಪಾಜೆಯ ದೇರಪ್ಪನವರ ಬ್ರೇಕ್ ಡ್ರಮ್ಮಿಗೂ ಪದರ ಎರಚಿ ಕೊಟ್ಟಿದ್ದೆವು. ದೇರಪ್ಪನವರ ತೋಟ ಹೊಳೆಯ ಆಚೆ. ಸೇತುವೆ ಕೊಚ್ಚಿಹೋದ ಮೇಲೆ ಅವರು ಉಕ್ಕಿನ ಹಗ್ಗ ಕಟ್ಟಿ ಕಬ್ಬಿಣದ ತೊಟ್ಟಿಲು ಬಿಟ್ಟಿದ್ದಾರೆ. ರಸ್ತೆಯ ಕಡೆ ಎತ್ತರ, ತೋಟದ ಕಡೆ ತಗ್ಗು. ಇಳಿಯುವಾಗ ತೊಟ್ಟಿಲನ್ನು ಹಿಡಿದು ಬಿಡುವುದು ಬ್ರೇಕು, ಹತ್ತುವಾಗ ಎಳೆಯುವುದು ಮೋಟಾರು. ಹಗ್ಗ ಸುತ್ತುವ ಡ್ರಮ್ಮನ್ನು ಒಂದು ಪಟ್ಟಿ ತಬ್ಬಿ ಹಿಡಿಯುತ್ತದೆ. ಶಾಫ್ಟಿನಲ್ಲಿ ಉಜ್ಜಾಟ ಕಡಿಮೆಯಾದಷ್ಟೂ ಒಳ್ಳೆಯದು, ಇಲ್ಲಿ ಉಜ್ಜಾಟವೇ ಜೀವ. ಪದರ ಎದ್ದುಬಂದರೆ ಪಟ್ಟಿ ಹಿಡಿದದ್ದು ಬರೀ ಸಿಪ್ಪೆಯನ್ನು. ತೊಟ್ಟಿಲಿನಲ್ಲಿ ಇರುವವರು ತೋಟದ ಲೈನ್‌ಮನೆಯ ಕೆಲಸದವರು, ಅವರ ಮಕ್ಕಳು.

"ಇನ್ನು ಯಾವ್ಯಾವುದಕ್ಕೆ ಹಚ್ಚಿದೀಯ?" ಎಂದು ಕೇಳಿದರು.

"ಇದೊಂದೇ."

"ಆ ಸಂಪಾಜೆ ಡ್ರಮ್ಮು?"

"ಅದನ್ನ ನಾ ಮುಟ್ಟಿಲ್ಲ."

"ಸುಳ್ಳು ಹೇಳ್ಬೇಡವ್ವ! ಅನ್ನ ಬೆಂದಿದೆಯೋ ಇಲ್ವೋ ಅಂತ ನೋಡಕ್ಕೆ ಒಂದಗುಳು ಸಾಕು."

ಆ ಗಾದೆಯನ್ನು ಅವರಿಗೆ ಕಲಿಸಿದವರೇ ನೀವು. ನೀವು ಅಲ್ಲಿಂದ ತಿರುಗಿ ನಡೆದಿರಿ. ಹಿತ್ತಲ ನಲ್ಲಿಯಲ್ಲಿ ಕೈ ತೊಳೆದುಕೊಂಡಿರಿ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೊಳೆದಿರಿ. ಇಷ್ಟಲಿಂಗದ ಕರಡಿಗೆಯನ್ನು ಸೆರಗಿನೊಳಗೆ ಸರಿಮಾಡಿಕೊಂಡು ಚೀಲ ತೆಗೆದುಕೊಂಡಿರಿ. ನಾನು ಬಾಗಿಲಲ್ಲಿ ನಿಂತಿದ್ದೆ. ದಾರಿ ಬಿಟ್ಟೆ. ಅಡ್ಡ ನಿಲ್ಲಬಹುದಿತ್ತು, ನಿಲ್ಲಲಿಲ್ಲ. ನನ್ನ ತಲೆಯಲ್ಲೂ ಆಗ ಓಡುತ್ತಿದ್ದದ್ದು ಆ ತೊಟ್ಟಿಲೇ.

ನಿಮ್ಮ ಮಗ ತಕ್ಷಣ ದೇರಪ್ಪನವರಿಗೆ ಫೋನ್ ಮಾಡಿ ತೊಟ್ಟಿಲು ಓಡಿಸಬೇಡಿ, ನಾಳೆ ಬಂದು ಬಿಚ್ಚಿ ನೋಡುತ್ತೇವೆ ಎಂದರು. ಅಷ್ಟು ಸರಿಯಾಗಿಯೇ ಮಾಡಿದರು, ಅದನ್ನು ಅಲ್ಲಗಳೆಯುವುದಿಲ್ಲ.

ಮರುದಿನ ಬೆಳಿಗ್ಗೆ ಇಬ್ಬರೂ ಜೀಪಿನಲ್ಲಿ ಹೊರಟೆವು. ಮಡಿಕೇರಿ ದಾಟಿದ ಮೇಲೆ ಘಾಟಿಯಲ್ಲಿ ಮುಂದಿನ ಲಾರಿಯ ದೀಪ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ದೇರಪ್ಪನವರು ರಸ್ತೆಯ ಬದಿಯ ಮೋಟಾರು ಕೋಣೆಯಲ್ಲಿ ಕೊಡೆ ಹಿಡಿದು ಕಾಯುತ್ತಿದ್ದರು. ಕೋಣೆ ಎಂದರೆ ಮೂರು ಕಡೆ ತಗಡು, ಹೊಳೆಯ ಕಡೆ ಬಟಾಬಯಲು. ನಿಮ್ಮ ಮಗ ಡ್ರಮ್ಮಿನ ಮೇಲಿನ ಮುಚ್ಚಳ ತೆಗೆದು ಪಕ್ಕಕ್ಕಿಟ್ಟರು. ಪಟ್ಟಿ ಬಿಚ್ಚಿ, ಹಗ್ಗ ಸಡಿಲಿಸಿ, ಸುತ್ತಲೂ ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಬೇಕು. ಕಚ್ಚಿರುವ ಪದರ ಟಣ್ ಎನ್ನುತ್ತದೆ, ಒಳಗೆ ಬಿಟ್ಟುಕೊಂಡದ್ದು ಡಬ್ ಎನ್ನುತ್ತದೆ. ಪಟ್ಟಿ ಬಿಚ್ಚುವುದಕ್ಕೇ ಬಹಳ ಹೊತ್ತು ಬೇಕು. ಅವರು ಮೊದಲನೆಯ ಬೋಲ್ಟಿಗೆ ಪಾನಾ ಹಾಕಿದ್ದರು, ಅಷ್ಟರಲ್ಲಿ ಆಚೆ ದಡದಿಂದ ಕೂಗು ಬಂತು.

ಲೈನ್‌ಮನೆಯ ಹಿಂದಿನ ಗುಡ್ಡದ ಬರೆ ಕುಸಿದಿತ್ತು. ಚಾವಣಿಯ ಶೀಟು ಮುರಿದು ಮುದ್ದಿ ಎಂಬ ಹೆಂಗಸಿನ ತೊಡೆಯ ಮೇಲೆ ಬಿದ್ದಿತ್ತು. ಕುಟ್ಟದ ಕಡೆಯವಳು, ವರ್ಷಗಳಿಂದ ಅಲ್ಲೇ ಕೆಲಸಕ್ಕಿದ್ದವಳು. ಎಷ್ಟು ಬಟ್ಟೆ ಸುತ್ತಿದರೂ ರಕ್ತ ನಿಲ್ಲುತ್ತಿಲ್ಲ ಎಂದು ಆಚೆಯವರು ಕೂಗಿ ಹೇಳುತ್ತಿದ್ದರು. ಕಾಡಿನ ಕಡೆಯ ಜೀಪ್ ದಾರಿ ಹಿಂದಿನ ದಿನವೇ ಮುಚ್ಚಿಹೋಗಿತ್ತು. ಹೊಳೆ ಕೆಂಪಾಗಿ ಮರಗಳನ್ನು ಉರುಳಿಸಿಕೊಂಡು ಹೋಗುತ್ತಿತ್ತು. ಈಚೆ ದಾಟಿಸಿದರೆ ಸುಳ್ಯದ ಆಸ್ಪತ್ರೆ ಹತ್ತಿರ. ದಾಟಿಸುವುದಕ್ಕೆ ಇದ್ದದ್ದು ಆ ತೊಟ್ಟಿಲೊಂದೇ.

"ಎಂಥ ಮಾಡೋದು ಮಾರಾಯ್ರೆ? ಬಿಡ್ಬಹುದಾ, ಬಿಡ್ಬಾರ್ದಾ? ಒಂದು ಹೇಳಿ" ಎಂದರು ದೇರಪ್ಪನವರು.

ನಿಮ್ಮ ಮಗ ಪಾನಾ ಹಿಡಿದುಕೊಂಡೇ ನಿಂತಿದ್ದರು. "ಎರಡು ಮೂಟೆ ಮರಳು ಹಾಕಿ ಇಳಿಸಿ ನೋಡುವನಾ?" ಎಂದರು ದೇರಪ್ಪನವರು ಮತ್ತೆ. ನೋಡಿ ಪ್ರಯೋಜನವಿರಲಿಲ್ಲ. ಕೆಟ್ಟ ಪದರವೂ ಹತ್ತು ಸಲ ಹಿಡಿದು ಹನ್ನೊಂದನೆಯ ಸಲ ಬಿಡುತ್ತದೆ. ಆ ಶಾಫ್ಟ್ ಬೇಸಿಗೆಯೆಲ್ಲ ಚೆನ್ನಾಗಿಯೇ ತಿರುಗಿತ್ತಲ್ಲ. ನಿಮ್ಮ ಮಗನಿಗೆ ಅದು ಗೊತ್ತು, ನನಗೂ ಗೊತ್ತು. ಅವರು ಜೇಬಿನಿಂದ ಫೋನ್ ತೆಗೆದು "ಅವ್ವನ್ನ ಇನ್ನೊಂದ್ಸಲ ಕೇಳ್ತೀನಿ" ಎಂದರು. ನಿಮ್ಮ ಹೆಸರು ಒತ್ತಿದ ಮೇಲೆ ನೆನಪಾಯಿತು, ನಿಮ್ಮ ಫೋನು ನಮ್ಮ ಕಿಟಕಿಯಲ್ಲಿ ಹೊಡೆದುಕೊಳ್ಳುತ್ತಿದೆ ಎಂದು. ಹಾಗೇ ಹಿಡಿದುಕೊಂಡು ನಿಂತರು.

ನನಗೆ ಆಗ ಬಂದ ಸಿಟ್ಟು ಎಲ್ಲಿತ್ತೋ ಗೊತ್ತಿಲ್ಲ. ಇನ್ನೊಂದು ಸಲ ಕೇಳಿ ಏನು ಮಾಡುತ್ತಾರೆ? ನೀವು ಅದನ್ನೇ ಹೇಳುತ್ತಿದ್ದಿರಿ, ಅವರು ಅದನ್ನೇ ನಂಬುತ್ತಿರಲಿಲ್ಲ. ನಿಮ್ಮ ಹೌದನ್ನು ಅವರು ಒಂದೇ ಸಲಕ್ಕೆ ನಂಬಿದರು. ಚಕ್ಕೆಯನ್ನು ಲ್ಯಾಬಿಗೆ ಕಳಿಸಲಿಲ್ಲ, ಸಾಕ್ಷಿ ಕೇಳಲಿಲ್ಲ. ಅದೇ ಬಾಯಿ ಅದೇ ಉಸಿರಿನಲ್ಲಿ ಇಲ್ಲ ಎಂದರೆ ಅದು ಸುಳ್ಳು ಹೇಗಾಯಿತು? ಸುಳ್ಳು ಹೇಳುವವರು ಮೊದಲನೆಯದನ್ನೇ ಮುಚ್ಚಿಡುತ್ತಿದ್ದರು. ಹಿಂದಿನ ದಿನ ಅಂಗಳದಲ್ಲಿ ಹೊಳೆಯಬೇಕಾದದ್ದು ನನಗೆ ಅಲ್ಲಿ, ಆ ಮಳೆಯಲ್ಲಿ ಹೊಳೆಯಿತು.

"ಬಿಡ್ಬಹುದು" ಎಂದೆ.

ಇಬ್ಬರೂ ನನ್ನನ್ನು ನೋಡಿದರು.

"ಯಾರ ಧೈರ್ಯದ ಮೇಲೆ?" ಎಂದರು ನಿಮ್ಮ ಮಗ.

"ಅತ್ತೆ ಮುಟ್ಟಿಲ್ಲ ಅಂದಿದಾರೆ."

"ತಮಾಷೆನಾ ಇದು? ಕೆಳಗೆ ಹೊಳೆ ನೋಡಿದ್ಯಾ?"

"ನೋಡಿದೀನಿ. ನಾನೇ ಕೂರ್ತೀನಿ."

ಯಾರಾದರೂ ಹೋಗಲೇಬೇಕಿತ್ತು ಅತ್ತೆ. ಪ್ರಜ್ಞೆ ತಪ್ಪುತ್ತಿರುವವಳನ್ನು ಒಬ್ಬಳನ್ನೇ ತೊಟ್ಟಿಲಿನಲ್ಲಿ ಕೂರಿಸುವುದಕ್ಕಾಗುವುದಿಲ್ಲ, ಹಿಡಿದುಕೊಳ್ಳುವವರು ಬೇಕು. ದೇರಪ್ಪನವರು ಆಳು ದಪ್ಪ. ನಿಮ್ಮ ಮಗ ಬ್ರೇಕಿನ ಹತ್ತಿರವೇ ಇರಬೇಕು. ಉಳಿದವಳು ನಾನು. ನನ್ನದೇನೂ ಗಟ್ಟಿ ಗುಂಡಿಗೆಯಲ್ಲ, ಜಿರಲೆ ಕಂಡರೆ ಮಂಚ ಹತ್ತುವವಳು ಎಂದು ನಿಮಗೇ ಗೊತ್ತು. ನಂಬುತ್ತೇನೆ ಎಂದು ಬಾಯಲ್ಲಿ ಹೇಳಿ ಬೇರೆಯವರನ್ನು ಕೂರಿಸುವುದು ಮಾತ್ರ ನನ್ನಿಂದ ಆಗಲಿಲ್ಲ. ನಿಮ್ಮ ಮಗ "ಹೋಗ್ಬೇಡ ಕಣೆ" ಎಂದರು. ಆ ದನಿಯನ್ನು ನಾನು ಮದುವೆಯಾದಾಗಿನಿಂದ ಕೇಳಿರಲಿಲ್ಲ. ದೇರಪ್ಪನವರು "ನಿಮ್ಮ ಅತ್ತೆಯವರ ಹೆಸರೆಂಥ?" ಎಂದು ಕೇಳಿದರು. ಗುರುಸಿದ್ದಮ್ಮ ಎಂದೆ. ಅವರು ತೊಟ್ಟಿಲಿನ ಕೊಂಡಿ ತೆಗೆದುಕೊಟ್ಟರು.

ಇಳಿಯುವಾಗ ಚೆನ್ನಾಗಿಯೇ ಇಳಿಯಿತು. ನಿಮ್ಮ ಮಗ ಮಗುವನ್ನು ಮಲಗಿಸುವ ಹಾಗೆ ಬಿಟ್ಟರು. ಆಚೆ ನಾಲ್ಕು ಜನ ಸೇರಿ ಮುದ್ದಿಯನ್ನು ಕಂಬಳಿಯಲ್ಲಿ ಎತ್ತಿ ತಂದು ನನ್ನ ಮಡಿಲಿಗೆ ಒರಗಿಸಿದರು. ನಾನು ನನ್ನ ದುಪಟ್ಟಾ ಬಿಚ್ಚಿ ಅವಳ ತೊಡೆಯ ಮೇಲೆ ಬಿಗಿದು ಕಟ್ಟಿ, ಎರಡೂ ಕೈಯಲ್ಲಿ ಒತ್ತಿ ಹಿಡಿದೆ. ಮೇಲೆ ಮೋಟಾರು ಶುರುವಾಯಿತು. ತೊಟ್ಟಿಲು ದಡ ಬಿಟ್ಟು ಮೇಲೇರತೊಡಗಿತು.

ನಡು ಹೊಳೆಗೆ ಬಂದಾಗ ಕರೆಂಟು ಹೋಯಿತು.

ಮೋಟಾರಿನ ಸದ್ದು ನಿಂತದ್ದು ಕೇಳಿಸಿತು. ತೊಟ್ಟಿಲು ಒಂದು ಕ್ಷಣ ಅಲ್ಲೇ ನಿಂತು, ಹಿಂದಕ್ಕೆ ಜಾರಿತು. ಮೇಲೆ ನಿಮ್ಮ ಮಗ ಬ್ರೇಕಿನ ಹಿಡಿಗೆ ಇಡೀ ಮೈ ಹಾಕಿ ಜೋತುಬಿದ್ದದ್ದು ಮಳೆಯ ನಡುವೆ ಮಸುಕಾಗಿ ಕಂಡಿತು. ಆದರೂ ಜಾರುತ್ತಿತ್ತು. ಹಗ್ಗ ಕಿರ್ ಎನ್ನುತ್ತಾ ಓಡುತ್ತಿತ್ತು, ಕೆಳಗೆ ನೀರು ಎದ್ದುಬರುತ್ತಿತ್ತು. ಮುದ್ದಿ ಕಣ್ಣು ಬಿಟ್ಟು, "ಅಕ್ಕಾ, ಬೀಳ್ತದಾ?" ಎಂದಳು.

ಅವಳಿಗೆ ಇಲ್ಲ ಎಂದೆ. ಆದರೆ ಅತ್ತೆ, ಆಗ ನನ್ನ ಮನಸ್ಸಿನಲ್ಲಿ ಬಂದದ್ದನ್ನು ಬರೆಯುವುದಕ್ಕೇ ಈ ಕಾಗದ. ನನಗೆ ದೇವರು ನೆನಪಾಗಲಿಲ್ಲ, ಹೆತ್ತವರು ನೆನಪಾಗಲಿಲ್ಲ. ನಿಮ್ಮ ಮುಖ ಬಂತು. 'ಹಚ್ಚಿದ್ದಾಳೆ. ಇದಕ್ಕೂ ಹಚ್ಚಿದ್ದಾಳೆ ಮುದುಕಿ, ಸುಳ್ಳು ಹೇಳಿ ನನ್ನನ್ನು ಕೊಂದಳು' ಎಂದುಕೊಂಡೆ. ಹೀಗೇ, ಇದೇ ಮಾತಿನಲ್ಲಿ. ಏಕವಚನದಲ್ಲಿ.

ಆಮೇಲೆ ಹಿಡಿಯಿತು.

ಒಮ್ಮೆಲೇ ಅಲ್ಲ. ಮೊದಲು ಓಟ ನಿಧಾನವಾಯಿತು, ಆಮೇಲೆ ತೊಟ್ಟಿಲು ಮುಗ್ಗರಿಸಿ ನಿಂತು ತೂಗಾಡತೊಡಗಿತು. ಮೇಲೆ ಮೋಟಾರು ಕೋಣೆಯಿಂದ ಆವಿ ಏಳುತ್ತಿತ್ತು. ಆ ಆವಿ ಕಂಡ ತಕ್ಷಣ ನನಗೆ ಅರ್ಥವಾಯಿತು, ಅಷ್ಟೆಲ್ಲ ಓದಿದವಳಿಗೆ ಜಾರುವಾಗಲೇ ಅರ್ಥವಾಗಬೇಕಿತ್ತು. ಡ್ರಮ್ಮು ಒದ್ದೆಯಾಗಿತ್ತು. ನಿಮ್ಮ ಮಗ ತೆಗೆದಿಟ್ಟ ಮುಚ್ಚಳವನ್ನು ಮತ್ತೆ ಹಾಕಿರಲಿಲ್ಲ, ನಾನು ಇಳಿದ ಮೇಲೂ ಅಷ್ಟು ಹೊತ್ತು ಮಳೆಯ ಎರಚಲು ಹೊಡೆದಿತ್ತು. ಒದ್ದೆ ಉಕ್ಕು ಮೊದಲು ಜಾರುತ್ತದೆ. ಉಜ್ಜಿ ಉಜ್ಜಿ ಬಿಸಿಯಾಗಿ ನೀರು ಆರಿದ ಮೇಲೆ ಕಚ್ಚುತ್ತದೆ. ಪದರಕ್ಕೆ ಏನೂ ಆಗಿರಲಿಲ್ಲ. ಪದರ ತನ್ನ ಕೆಲಸ ಮಾಡಿತ್ತು.

ದೇರಪ್ಪನವರು ಜನರೇಟರ್ ಶುರು ಮಾಡುವವರೆಗೆ ನಾವಿಬ್ಬರೂ ಅಲ್ಲೇ ನೇತಾಡಿದೆವು. ಎಷ್ಟು ಹೊತ್ತೋ ತಿಳಿಯದು. ಮುದ್ದಿ ತನ್ನ ಭಾಷೆಯಲ್ಲಿ ಏನೋ ಗೊಣಗುತ್ತಿದ್ದಳು, ನಾನು ಅವಳ ತೊಡೆ ಒತ್ತಿ ಹಿಡಿದು ಹೂಂ ಹೂಂ ಎನ್ನುತ್ತಿದ್ದೆ. ಈಚೆಗೆ ಬಂದ ಮೇಲೆ ಅವಳನ್ನು ದೇರಪ್ಪನವರು ತಮ್ಮ ಜೀಪಿನಲ್ಲಿ ಸುಳ್ಯಕ್ಕೆ ಕರೆದುಕೊಂಡು ಹೋದರು. ಜೀವ ಉಳಿದ ಸುದ್ದಿ ಸಂಜೆ ಬಂತು. ಹೊಲಿಗೆ ಹಾಕಿದ್ದಾರಂತೆ, ರಕ್ತ ಕೊಟ್ಟಿದ್ದಾರಂತೆ, ಗಂಜಿ ಕುಡಿದಳಂತೆ. ನಾವು ದಡ ಸೇರಿದ ಮೇಲೂ ನಿಮ್ಮ ಮಗ ಬ್ರೇಕಿನ ಹಿಡಿ ಬಿಟ್ಟಿರಲಿಲ್ಲ. ತೊಟ್ಟಿಲಿಗೆ ಕೊಂಡಿ ಹಾಕಿ ಆಗಿದೆ, ಇನ್ನು ಬಿಡಿ ಎಂದು ನಾನು ಒಂದೊಂದೇ ಬೆರಳು ಬಿಡಿಸಬೇಕಾಯಿತು.

ಮಳೆ ಸ್ವಲ್ಪ ಬಿಟ್ಟ ಮೇಲೆ ಅವರು ಪಟ್ಟಿ ಬಿಚ್ಚಿದರು. ಸುತ್ತಿಗೆ ಹಿಡಿದು ಡ್ರಮ್ಮಿನ ಸುತ್ತ ಬೆರಳಗಲ ಬೆರಳಗಲ ಬಿಟ್ಟು ತಟ್ಟಿದರು. ಎಲ್ಲ ಕಡೆ ಟಣ್. ಪಟ್ಟಿ ಉಜ್ಜಿದ ಜಾಗ ಒಂದೇ ಸಮನಾಗಿ ನುಣುಪಾಗಿತ್ತು, ಒಂದು ಬಿರುಕಿಲ್ಲ, ಒಂದು ಚಕ್ಕೆ ಎದ್ದಿಲ್ಲ. ಅವರು ಸುತ್ತಿಗೆ ಕೆಳಗಿಟ್ಟು ನನ್ನ ಕಡೆ ತಿರುಗಿ, "ಅವ್ವ ಮುಟ್ಟಿರ್ಲಿಲ್ಲ ಕಣೆ" ಎಂದರು. ಮುಖದ ತುಂಬ ನಗು. ಚಿಕ್ಕಮಕ್ಕಳು ಕಳೆದುಹೋದ ಆಟದ ಸಾಮಾನು ಸಿಕ್ಕಾಗ ನಗುತ್ತಾರಲ್ಲ, ಹಾಗೆ.

ನನಗೆ ನಗು ಬರಲಿಲ್ಲ. ಘಾಟಿ ಹತ್ತುವಾಗ ಜೀಪಿನಲ್ಲಿ ಕೇಳಿದೆ, "ಎಲ್ಲಾದ್ರೂ ಒಂದು ಕಡೆ ಡಬ್ ಅಂದಿದ್ರೆ?"

ಅವರು ಗೇರು ಬದಲಿಸಿದರು. ವೈಪರ್ ನೋಡುತ್ತಾ ಗಾಡಿ ಓಡಿಸಿದರು. ಪದರ ಬಿಟ್ಟುಕೊಳ್ಳುವುದಕ್ಕೆ ನೂರು ಕಾರಣ ಇರುತ್ತದೆ ಅತ್ತೆ. ಗಾಳಿಯ ಪೈಪಿನಲ್ಲಿ ನೀರು ಸೇರಿರಬಹುದು. ಹರಳು ಹಳೆಯದಾಗಿ ಮೊಂಡಾಗಿರಬಹುದು. ಎರಚುವ ಕೈ ಅವಸರ ಮಾಡಿರಬಹುದು. ಎಲ್ಲವೂ ಅವರ ಕೈಯ ಕೆಲಸವೇ. ಆದರೆ ಡಬ್ ಎಂದಿದ್ದರೆ ಅದು ನಿಮ್ಮ ಬೆರಳೇ ಆಗಿರುತ್ತಿತ್ತು. ನೀವು ಸಾಯುವವರೆಗೂ ಹೊತ್ತುಕೊಂಡು ತಿರುಗಬೇಕಿತ್ತು. ಇದನ್ನು ಅವರಿಗೆ ಹೇಳಿದೆ. ಮಡಿಕೇರಿ ಬರುವ ಹೊತ್ತಿಗೆ ಅವರು ಗಾಡಿ ಬದಿಗೆ ಹಾಕಿ, ಸ್ಟೇರಿಂಗಿನ ಮೇಲೆ ತಲೆಯಿಟ್ಟು ಅತ್ತರು. ಪಾಪ ಅನ್ನಿಸಿತು. ಆದರೂ ನಾನು ಬೆನ್ನು ಸವರಲಿಲ್ಲ. ಸುತ್ತಿಗೆ ಹೇಳಿದ ಮೇಲೆ ತಾಯಿಯನ್ನು ನಂಬಿದವರಿಗೆ ಅಷ್ಟು ಬೇಗ ಸಮಾಧಾನ ಸಿಗಬಾರದು ಅನ್ನಿಸಿತು.

ಅವರು ಬುಧವಾರ ನಿಮ್ಮಲ್ಲಿಗೆ ಬರುತ್ತಾರೆ. ಏನು ಹೇಳುವುದು ಎಂದು ಮೂರು ದಿನದಿಂದ ಷೆಡ್ಡಿನಲ್ಲಿ ಒಬ್ಬರೇ ಗೊಣಗುತ್ತಿದ್ದಾರೆ. ಡ್ರಮ್ಮು ಗಟ್ಟಿಯಾಗಿತ್ತು ಎಂದು ಮೊದಲು ಹೇಳುತ್ತಾರೆ, ನೋಡಿ ಬೇಕಾದರೆ. ನೀವು ಕರಗಿಬಿಡಬೇಡಿ. ನೀವು ಕರಗುತ್ತೀರಿ ಎಂದು ಗೊತ್ತಿದ್ದೇ ಅವರಿಗಿಂತ ಮೊದಲು ಈ ಕಾಗದ ಮುಟ್ಟಲಿ ಎಂದು ಕಳಿಸುತ್ತಿದ್ದೇನೆ.

ನನ್ನ ಬಗ್ಗೆ ಏನು ಮಾಡುತ್ತೀರೋ ಗೊತ್ತಿಲ್ಲ. ನಂಬಿ ಕೂತವಳು ನಾನು, ಸರಿ. ತೊಟ್ಟಿಲು ಜಾರಿದಾಗ ಬೈದವಳೂ ನಾನೇ. ಮೊದಲಿನದನ್ನು ಮಾತ್ರ ಹೇಳಿ ನಿಮ್ಮಿಂದ ಶಹಬ್ಬಾಸ್ ಗಿಟ್ಟಿಸಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಯಾರೂ ಕೇಳದೆಯೇ "ಇದು ನಾನೇ" ಎಂದವರಿಗೆ ಅರ್ಧ ಬರೆದು ಕಳಿಸುವುದಕ್ಕೆ ನನಗೆ ನಾಚಿಕೆಯಾಯಿತು. ಆ ಡ್ರಮ್ಮನ್ನು ಯಾಕೆ ಮುಟ್ಟಲಿಲ್ಲ ಎಂದು ನಾನು ಕೇಳುವುದಿಲ್ಲ. ಮುಟ್ಟಲಿಲ್ಲ ಎಂದಿರಿ, ಅಷ್ಟೇ.

ಈಗ ನಾನು ಕೇಳುವುದು ಒಂದೇ. ವಾಪಸ್ಸು ಬರುತ್ತೀರಾ? ಮಗನ ಮುಖ ನೋಡಿ ಅಲ್ಲ, ಊರವರ ಬಾಯಿಗೆ ಹೆದರಿ ಅಲ್ಲ, ನಿಮಗೆ ಬರಬೇಕು ಅನ್ನಿಸಿದರೆ. ಅದೇ ಕಂಡಕ್ಟರ್ ಸಂಜೆಯ ಟ್ರಿಪ್ಪಿನಲ್ಲಿ ಈ ಕಡೆ ಬರುತ್ತಾನೆ. ಅವನ ಬಾಯಲ್ಲಿ ಹೌದು ಎಂದಾದರೂ ಹೇಳಿಕಳಿಸಿ, ಇಲ್ಲ ಎಂದಾದರೂ ಹೇಳಿಕಳಿಸಿ. ನೀವು ಯಾವುದನ್ನು ಹೇಳಿದರೂ ನಾನು ಇನ್ನೊಂದು ಸಲ ಕೇಳುವುದಿಲ್ಲ.

ನಿಮ್ಮ ಮೊಣಕಾಲಿಗೆ ಮಳೆ ತಾಗದಿರಲಿ, ನಿದ್ದೆ ಚೆನ್ನಾಗಿ ಬರಲಿ. ದೊಡ್ಡವರಿಗೆ ಚಿಕ್ಕವರು ಹರಸಬಾರದು ಎನ್ನುತ್ತಾರೆ. ಈ ಒಂದು ಸಲ ಹರಸಿಸಿಕೊಳ್ಳಿ.

ನಿಮ್ಮ ಸೊಸೆ,
ಸೌಜನ್ಯ